ಪಾದರಸವನ್ನು ಎಳೆದಾಗ, ಒತ್ತಿದಾಗ

ನೆಲಕ್ಕೆ ಬಿದ್ದ ಪಾದರಸ ನೀರಿನಂತೆ ಹರಡುವುದಿಲ್ಲ; ಮಣಿಮಣಿಯಾಗಿ ಉರುಳುತ್ತದೆ. ಎರಡು ಮಣಿಗಳು ತಾಗಿದೊಡನೆ ಒಂದಾಗಿಬಿಡುತ್ತವೆ. ಅದರ ಪರಮಾಣುಗಳು ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತದ ಬಲದಿಂದಲೇ ಪಾದರಸವನ್ನು ಹಗ್ಗದಂತೆ ಜಗ್ಗಲು ಸಾಧ್ಯ.

ವಾಯುಭಾರಮಾಪಕದಲ್ಲಿ ಪಾದರಸ ಸುಮಾರು 30 ಅಂಗುಲ ಎತ್ತರಕ್ಕೆ ನಿಲ್ಲುತ್ತದೆ. ಆದರೆ ಗಾಳಿಯ ಗುಳ್ಳೆಗಳನ್ನೆಲ್ಲ ತೆಗೆದ ಪಾದರಸ 75 ಅಂಗುಲದ ಕೊಳವೆಯಲ್ಲೂ ಕೆಳಗಿಳಿಯದೆ ತೂಗಿ ನಿಂತದ್ದನ್ನು 17ನೇ ಶತಮಾನದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ದಾಖಲಿಸಿದರು. ಕೊಳವೆಯನ್ನು ಅಲುಗಿಸಿದರೆ ಸಾಕು, ಅದು ಸರ್ರನೆ ಇಳಿದುಬಿಡುತ್ತಿತ್ತು. 1953ರಲ್ಲಿ ಅಮೆರಿಕದ ಲೈಮನ್ ಬ್ರಿಗ್ಸ್ ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ ವೇಗವಾಗಿ ತಿರುಗಿಸಿದರು. ಎರಡೂ ತುದಿಗಳತ್ತ ಸೆಳೆಯಲ್ಪಟ್ಟ ಪಾದರಸ ತುಂಡಾಗುವ ಮುನ್ನ 425 ಬಾರ್‌ನಷ್ಟು ಎಳೆತ ತಡೆದಿತ್ತು. ಚದರ ಸೆಂಟಿಮೀಟರ್ ದಪ್ಪದ ಪಾದರಸದ ಎಳೆಗೆ ನಾಲ್ಕು ಕ್ವಿಂಟಲಿಗೂ ಹೆಚ್ಚು ಭಾರ ನೇತುಹಾಕಿದಂತೆ ಇದು. ದ್ರವವೊಂದು ಇಷ್ಟನ್ನು ತಾಳುತ್ತದೆಂಬುದು ನಿಜಕ್ಕೂ ಬೆರಗಿನ ಸಂಗತಿ. ಒಡಕು ಸಾಮಾನ್ಯವಾಗಿ ಲೋಹದ ಒಡಲಲ್ಲಿ ಹುಟ್ಟುವುದಿಲ್ಲ. ಗಾಜಿನ ಗೋಡೆಗೆ ಅಂಟಿದ ಕೊಳೆಯಲ್ಲೋ ಅಲ್ಲಿ ಸಿಕ್ಕಿಕೊಂಡ ಗಾಳಿಯಲ್ಲೋ ಹುಟ್ಟುತ್ತದೆ.

ಈ ಒಡಕಿಗೆ ಉಕ್ಕನ್ನೂ ಕೊರೆಯುವ ಶಕ್ತಿಯಿದೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ನ್ಯೂಟ್ರಾನ್‌ಗಳನ್ನು ಪಡೆಯಲು ಉಕ್ಕಿನ ಪಾತ್ರೆಯಲ್ಲಿ ಹರಿಯುವ ಪಾದರಸಕ್ಕೆ ಪ್ರೋಟಾನ್‌ಗಳ ಹೊಡೆತವನ್ನು ಸೆಕೆಂಡಿಗೆ 60 ಸಲ ಕೊಡುತ್ತಾರೆ. ಹೊಡೆತದ ಅಲೆ ಗೋಡೆಗೆ ಬಡಿದು ಮರಳುವಾಗ ಪಾದರಸ ಜಗ್ಗಿ ಬಿರಿಯುತ್ತದೆ, ಗುಳ್ಳೆಗಳೇಳುತ್ತವೆ. ಅವು ಕುಸಿಯುವ ರಭಸಕ್ಕೆ ಉಕ್ಕಿನ ಮೇಲೆ ಗುಳಿ ಬೀಳುತ್ತದೆ. ಪರಿಹಾರವೂ ಗುಳ್ಳೆಯೇ: ಹೀಲಿಯಂನ ಸಣ್ಣ ಗುಳ್ಳೆಗಳನ್ನು ಬೆರೆಸಿದರೆ ಅವು ಮೆತ್ತೆಯಂತೆ ಹೊಡೆತವನ್ನು ನುಂಗುತ್ತವೆ.

ಒತ್ತಡದ ಕಥೆ ಬೇರೆ. ಸಾಮಾನ್ಯವಾಗಿ ಮೈನಸ್ 39 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟುವ ಪಾದರಸ, ವಾತಾವರಣದ ಸುಮಾರು 7,500 ಪಟ್ಟು ಒತ್ತಡದಲ್ಲಿ ಸೊನ್ನೆ ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಒತ್ತಿದಷ್ಟೂ ಪರಮಾಣುಗಳಿಗೆ ಸರಿದಾಡಲು ಜಾಗ ಉಳಿಯುವುದಿಲ್ಲ.

ಭೂಮಿಯ ಒಡಲಲ್ಲೂ ಇದೇ ನಡೆದಿದೆ. 2,900 ಕಿಲೋಮೀಟರ್ ಆಳದಿಂದ ಕೆಳಗೆ ಕಬ್ಬಿಣ ಕರಗಿ ಹರಿಯುತ್ತಿದೆ. 5,150 ಕಿಲೋಮೀಟರ್ ಆಳದಲ್ಲಿ ಕಾವು ಇನ್ನೂ ಹೆಚ್ಚು. ಆದರೂ ವಾತಾವರಣದ 30 ಲಕ್ಷ ಪಟ್ಟಿಗೂ ಮೀರಿದ ಒತ್ತಡಕ್ಕೆ ಸಿಕ್ಕಿ ಕಬ್ಬಿಣ ಅಲ್ಲಿ ಗಟ್ಟಿಯಾಗಿದೆ. ಆ ಗಡಿಯಲ್ಲಿ ಅದು ಇಂದಿಗೂ ನಿಧಾನವಾಗಿ ಹೆಪ್ಪುಗಟ್ಟುತ್ತಾ, ಮೇಲಿನ ದ್ರವವನ್ನು ಕಲಕುತ್ತಿದೆ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಕಾಂತಕ್ಷೇತ್ರ ಹುಟ್ಟುವುದು ಆ ಕಲಕಾಟದಿಂದ.