ಗೋವಿನಜೋಳಕ್ಕೆ ಯೂರಿಯಾ: ಎಷ್ಟು, ಯಾವಾಗ, ಯಾವ ಹೊಲಕ್ಕೆ?

(ರೈತ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಹಾವೇರಿ, ದಾವಣಗೆರೆ ಸೀಮೆಯಲ್ಲಿ ಗೋವಿನಜೋಳ ಬೆಳೆಯದ ಊರು ಅಪರೂಪ. ಎಷ್ಟೋ ಊರುಗಳಲ್ಲಿ ಈ ಕಡೆ ಎರೆ, ಆ ಕಡೆ ಕೆಂಪು ಮಸಾರಿ. ಆದರೆ ಯೂರಿಯಾ ಹಾಕುವಾಗ ಎರಡಕ್ಕೂ ಒಂದೇ ಅಳತೆ. ಪಕ್ಕದವರು ಎರಡು ಚೀಲ ಹಾಕಿದರೆ ನಾವು ಮೂರು. ಹಾಕಿದ್ದೆಲ್ಲ ಬೆಳೆಗೆ ಸೇರುತ್ತದೆಂದು ನಂಬಿದ್ದೇವೆ. ಜಗತ್ತಿನ ಏಕದಳ ಧಾನ್ಯಗಳ ಲೆಕ್ಕ ನೋಡಿದರೆ, ಹಾಕಿದ ಸಾರಜನಕದಲ್ಲಿ ಕಾಳಿಗೆ ಸೇರುವುದು ಸುಮಾರು ಮೂರನೇ ಒಂದು ಪಾಲು ಮಾತ್ರ.

ಮೊದಲು ಚೀಲದ ಲೆಕ್ಕ ನೋಡೋಣ. ಮಳೆಯಾಶ್ರಿತ ಗೋವಿನಜೋಳಕ್ಕೆ ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, ಅಂದರೆ ಎಕರೆಗೆ 40 ಕಿಲೋ. ಬಿತ್ತುವಾಗ ಹಾಕುವ ಒಂದು ಚೀಲ ಡಿಎಪಿಯಲ್ಲಿ 9 ಕಿಲೋ ಬರುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಹಾಗಾದರೆ ಬೇಕಾದದ್ದು ಒಂದೂವರೆ ಚೀಲ ಯೂರಿಯಾ. ಮೂರು ಚೀಲವಲ್ಲ.

ಇನ್ನು ಮಣ್ಣಿನ ಮಾತು. ಮಸಾರಿಯಲ್ಲಿ ಮರಳು ಹೆಚ್ಚು, ಹಿಡಿದಿಡುವ ಜಿಗುಟು ಕಡಿಮೆ. ಯೂರಿಯಾ ಕರಗಿ ನೈಟ್ರೇಟ್ ಆದ ಮೇಲೆ ಒಂದು ದೊಡ್ಡ ಮಳೆ ಬಂದರೆ ಅದು ಬೇರಿನ ಕೆಳಗೆ ಇಳಿದುಹೋಗುತ್ತದೆ. ಅಲ್ಲಿ ಅರ್ಧರ್ಧ ಚೀಲದಂತೆ ಮೂರು ಸಲ ಕೊಡಿ. ಎರೆಭೂಮಿಯ ಕಷ್ಟ ಬೇರೆ. ಅದು ಹಿಡಿದಿಡುತ್ತದೆ, ನಿಜ. ಆದರೆ ಸುಣ್ಣದ ಅಂಶವಿರುವ ಎರೆಯ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ನೀರು ನಿಂತರೂ ಸಾರಜನಕ ಗಾಳಿಯ ಪಾಲು. ಎರೆಯಲ್ಲಿ ಎರಡು ಸಲ ಸಾಕು. ಆದರೆ ಸಾಲಿನ ಪಕ್ಕ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ, ನಿಂತ ನೀರು ಬಸಿಯಲು ದಾರಿ ಮಾಡಿ.

ಹೊತ್ತೂ ಮುಖ್ಯ. ಮೊದಲ ಮೂರು ವಾರ ಪೈರು ಉಣ್ಣುವುದು ತೀರಾ ಕಡಿಮೆ. ಮೊಣಕಾಲೆತ್ತರದಿಂದ ಸೂಲಂಗಿ ಬರುವವರೆಗೆ ಅದರ ಹಸಿವು ಹೆಚ್ಚು. ಮೇಲುಗೊಬ್ಬರ ಆ ಹಸಿವಿಗೆ ಸರಿಯಾಗಿ, ನೆಲದಲ್ಲಿ ಹಸಿ ಇರುವಾಗ ಸಿಗಬೇಕು.

ಪ್ರಮಾಣದ ಗುಟ್ಟು ತಿಳಿಯಲು ಒಂದು ಲೆಕ್ಕ ಹೇಳುತ್ತೇನೆ. ಅಂಕಿ ಅರ್ಥವಾಗಲಿ ಎಂದು ಇಟ್ಟುಕೊಂಡದ್ದು. ಸಾರಜನಕ ಹಾಕದ ಎಕರೆ 10 ಕ್ವಿಂಟಲ್ ಕೊಟ್ಟಿತು, 40 ಕಿಲೋ ಹಾಕಿದ್ದು 18 ಕ್ವಿಂಟಲ್, 80 ಕಿಲೋ ಹಾಕಿದ್ದು 20 ಕ್ವಿಂಟಲ್ ಎನ್ನಿ. ಮೊದಲ 40 ಕಿಲೋದಲ್ಲಿ ಪ್ರತಿ ಕಿಲೋ 20 ಕಿಲೋ ಕಾಳು ದುಡಿಯಿತು. ಎರಡನೇ 40ರಲ್ಲಿ ಪ್ರತಿ ಕಿಲೋ ದುಡಿದದ್ದು 5 ಕಿಲೋ ಮಾತ್ರ. ನಿಮ್ಮ ಹೊಲದ ನಿಜ ತಿಳಿಯಬೇಕೇ? ಈ ವರ್ಷ ನಾಲ್ಕು ಸಾಲಿಗೆ ಯೂರಿಯಾ ಹಾಕದೆ ಬಿಡಿ, ನಾಲ್ಕಕ್ಕೆ ಲೆಕ್ಕದಷ್ಟು ಹಾಕಿ, ನಾಲ್ಕಕ್ಕೆ ರೂಢಿಯಷ್ಟು ಹಾಕಿ. ರಾಶಿಯನ್ನು ಬೇರೆ ಬೇರೆ ತೂಗಿ. ತಕ್ಕಡಿಗಿಂತ ದೊಡ್ಡ ಉಪದೇಶಕರಿಲ್ಲ.

ಬಂಧುಗಳೇ, ಉಳಿದ ಯೂರಿಯಾ ನಮ್ಮ ದುಡ್ಡನ್ನಷ್ಟೇ ತಿನ್ನುವುದಿಲ್ಲ. ಮಸಾರಿಯನ್ನು ವರ್ಷ ವರ್ಷಕ್ಕೆ ಹುಳಿಯಾಗಿಸುತ್ತದೆ. ಇಳಿದುಹೋದ ನೈಟ್ರೇಟ್ ಬಾವಿ, ಬೋರುಗಳನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ. ಮೀರಿದರೆ ಹಸುಗೂಸುಗಳ ರಕ್ತಕ್ಕೇ ಅಪಾಯ. ಹೊಲ ನನ್ನದಿರಬಹುದು, ಅಂತರ್ಜಲ ಊರಿನದು. ಕಾಯಕ ಶುದ್ಧವಾಗಿರಬೇಕೆನ್ನುವ ನಾವು ಗೊಬ್ಬರದ ಚೀಲ ಬಿಚ್ಚುವಾಗಲೂ ಆ ಮಾತು ನೆನೆಯಬೇಕು. ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ತಿಪ್ಪೆಗೊಬ್ಬರ ಹಾಕಿ, ಆಮೇಲೆ ಯೂರಿಯಾ ಲೆಕ್ಕ ಹಾಕಿ.