ಕಸ, ಬಣ್ಣ ಮತ್ತು ಬಾಡಿಗೆ ಮನೆ



ಪರಿಸರ ಚಳವಳಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಡು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಯುವಕರು ಮರಗಳನ್ನು ಅಪ್ಪಿಕೊಂಡು ನಿಂತ ಕಥೆಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಆದರೆ ನೆಟ್ಟಗೆ ಒಂದು ಮರವೂ ಇಲ್ಲದ ಬೀದಿಯಲ್ಲಿ, ಬಾಡಿಗೆ ಮನೆಯಲ್ಲಿ ಬೆಳೆಯುವ ಮಗುವಿಗೆ ಪರಿಸರವೆಂದರೆ ಯಾವುದು? ಮನೆಯ ಗೋಡೆ, ನಲ್ಲಿ, ಬಾಗಿಲಾಚೆಯ ರಸ್ತೆ. ಇಪ್ಪತ್ತರ ಆಸುಪಾಸಿನ ಕೆಲವು ಹುಡುಗ ಹುಡುಗಿಯರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇದನ್ನು ಹೇಗೆ ಕಂಡುಕೊಂಡರು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಅವರ ಸಂಘಟನೆಯ ಹೆಸರು ಯಂಗ್ ಲಾರ್ಡ್ಸ್. ಮೊದಲು ಅದು ಶಿಕಾಗೋ ನಗರದ ಲಿಂಕನ್ ಪಾರ್ಕ್ ಬಡಾವಣೆಯಲ್ಲಿದ್ದ ಒಂದು ಬೀದಿ ಗುಂಪು. ಹೊಡೆದಾಟದ ಗುಂಪು ಎಂದೇ ಹೇಳಬೇಕು. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೋ ದ್ವೀಪದಿಂದ ಕೆಲಸ ಅರಸಿ ಬಂದವರ ಮಕ್ಕಳು ಅದರಲ್ಲಿದ್ದರು. ನಗರ ನವೀಕರಣದ ಹೆಸರಿನಲ್ಲಿ ತಮ್ಮವರು ಮನೆ ಕಳೆದುಕೊಳ್ಳುವುದನ್ನು ಕಂಡ ಹೊಸೆ ಹಿಮೆನೆಸ್ ಎಂಬ ತರುಣ 1968ರಲ್ಲಿ ಆ ಗುಂಪನ್ನು ಹೋರಾಟದ ಸಂಘಟನೆಯಾಗಿ ಮಾರ್ಪಡಿಸಿದರು. ಮರುವರ್ಷ ಜುಲೈನಲ್ಲಿ ನ್ಯೂಯಾರ್ಕಿನ ಪೂರ್ವ ಹಾರ್ಲೆಮ್‌ನಲ್ಲಿ ಅದರ ಶಾಖೆ ಹುಟ್ಟಿತು. ಇಲ್ಲಿ ಸೇರಿದವರಲ್ಲಿ ಕಾಲೇಜು ವಿದ್ಯಾರ್ಥಿಗಳು ಹಲವರು.

ಓದಿಕೊಂಡವರಾದ್ದರಿಂದ ತಲೆಯ ತುಂಬ ಕ್ರಾಂತಿಯ ಮಾತಿತ್ತು. ಆದರೆ ನೆರೆಯವರನ್ನು ನಿಮಗೇನು ಬೇಕು ಎಂದು ಕೇಳಿದಾಗ ಬಂದ ಉತ್ತರ ಬೇರೆ: ಮೊದಲು ಈ ಕಸ ಹೋಗಲಿ! ನಗರದ ಲಾರಿಗಳು ಆ ಕಡೆ ಸರಿಯಾಗಿ ಬರುತ್ತಿರಲಿಲ್ಲ. ಭಾನುವಾರಗಳಂದು ಇವರೇ ಬೀದಿ ಗುಡಿಸತೊಡಗಿದರು. ಪೊರಕೆ ಕೊಡಿ ಎಂದು ನೈರ್ಮಲ್ಯ ಇಲಾಖೆಯನ್ನು ಕೇಳಿದರೆ ಅದೂ ಸಿಗಲಿಲ್ಲ. ಕೊನೆಗೆ ಕಸವನ್ನೆಲ್ಲ ಹೊತ್ತು ತಂದು ಥರ್ಡ್ ಅವೆನ್ಯೂ ಎಂಬ ದೊಡ್ಡ ರಸ್ತೆಗೆ ಅಡ್ಡಲಾಗಿ ಒಟ್ಟಿ ಬೆಂಕಿ ಹಚ್ಚಿದರು. ವಾಹನಗಳು ನಿಂತವು. ಬೆಂಕಿ ಹಚ್ಚಿದ್ದನ್ನು ನಾನು ಮೆಚ್ಚಿ ಹೇಳುತ್ತಿಲ್ಲ. ಆ ಹೊಗೆ ಕುಡಿದವರೂ ಅಲ್ಲಿಯ ಬಡವರೇ. ಆದರೆ ಅದು ಮೇಯರ್ ಚುನಾವಣೆಯ ವರ್ಷ. ನಗರಾಡಳಿತ ಅತ್ತ ತಿರುಗಿ ನೋಡಲೇಬೇಕಾಯಿತು.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಆ ವರ್ಷದ ಕೊನೆಯಲ್ಲಿ ಅವರು ಕೈಗೊಂಡ ಕೆಲಸ. ಹಿಂದೆ ಮನೆಬಣ್ಣಕ್ಕೆ ಸೀಸ ಬೆರೆಸುತ್ತಿದ್ದರು. ಬಣ್ಣ ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ ಎಂದು. ಮನೆಯೊಳಗೆ ಅಂಥ ಬಣ್ಣ ಬಳಿಯುವುದನ್ನು ನ್ಯೂಯಾರ್ಕ್ 1960ರಲ್ಲೇ ನಿಷೇಧಿಸಿತ್ತು. ಆದರೆ ಮೊದಲೇ ಬಳಿದದ್ದು ಗೋಡೆಯ ಮೇಲೇ ಇತ್ತಲ್ಲ! ಮನೆಯ ಮಾಲೀಕ ಸೋರುವ ಕೊಳಾಯಿ ರಿಪೇರಿ ಮಾಡಿಸದಿದ್ದರೆ ಗೋಡೆ ಒದ್ದೆಯಾಗುತ್ತದೆ, ಬಣ್ಣ ಹಕ್ಕಳೆಯೇಳುತ್ತದೆ. ಆ ಚೂರುಗಳ ರುಚಿ ತುಸು ಸಿಹಿ. ಅಂಬೆಗಾಲಿಡುವ ಮಗು ಅದನ್ನು ಬಾಯಿಗಿಡುತ್ತದೆ. ಸೀಸ ರಕ್ತಕ್ಕೆ ಸೇರಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಪ್ರಮಾಣ ಹೆಚ್ಚಾದರೆ ಸೆಳವು, ಸಾವು. ಮೇಲ್ನೋಟಕ್ಕೆ ಮಾತ್ರ ಮಗು ಮಂಕಾಗಿದೆ, ಪಾಠ ತಲೆಗೆ ಹತ್ತುವುದಿಲ್ಲ ಎಂದಷ್ಟೇ ಕಾಣುತ್ತದೆ. ತಪ್ಪು ಮಗುವಿನದೋ ತಾಯಿಯದೋ ಆಗಿಬಿಡುತ್ತದೆ, ಮಾಲೀಕನದಾಗುವುದಿಲ್ಲ.

ಸೀಸದ ವಿಷ ಪತ್ತೆಹಚ್ಚುವ ಮೂತ್ರ ಪರೀಕ್ಷೆಯ ಕಿಟ್‌ಗಳು ನಗರದ ಆರೋಗ್ಯ ಇಲಾಖೆಯ ಬಳಿ ಬಳಕೆಯಾಗದೆ ಬಿದ್ದಿದ್ದವು. ತರುಣರು ಧರಣಿ ಕುಳಿತು ಕೆಲವನ್ನು ಪಡೆದರು. ವೈದ್ಯಕೀಯ ವಿದ್ಯಾರ್ಥಿಗಳನ್ನೂ ಆಸ್ಪತ್ರೆಯ ಸಿಬ್ಬಂದಿಯನ್ನೂ ಜೊತೆಗೆ ಕರೆದುಕೊಂಡು ಮಹಡಿ ಮಹಡಿ ಹತ್ತಿ, ಬಾಗಿಲು ತಟ್ಟಿ, ತಾಯಂದಿರಿಗೆ ವಿಷಯ ತಿಳಿಸಿ ಮಕ್ಕಳ ಪರೀಕ್ಷೆ ನಡೆಸಿದರು. ವಿಷವೇರಿದ ಮಕ್ಕಳು ಸಿಕ್ಕರು. ಅಲ್ಲಿಯವರೆಗೆ ಅದು ಒಂದೊಂದು ಮನೆಯ ದುಃಖ. ಈಗ ಇಡೀ ಬಡಾವಣೆಯ ಲೆಕ್ಕ. 1970ರಲ್ಲಿ ನಗರವು ಸೀಸದ ವಿಷ ನಿಯಂತ್ರಣಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಎಲ್ಲವೂ ಇವರಿಂದಲೇ ಆಯಿತೆಂದು ಹೇಳಲಾಗದು; ವೈದ್ಯರು, ಪತ್ರಕರ್ತರು ಕೂಡ ದನಿ ಎತ್ತಿದ್ದರು. ಆದರೆ ಮೆಟ್ಟಿಲು ಹತ್ತಿದವರು ಇವರು.

ಸಂಘಟನೆ ಹೆಚ್ಚು ಕಾಲ ಬಾಳಲಿಲ್ಲ. ಒಳಜಗಳವೂ ಸರ್ಕಾರದ ಗೂಢಚಾರಿಕೆಯೂ ಸೇರಿ 1970ರ ದಶಕದ ನಡುವಿನಲ್ಲಿ ಅದು ಚದುರಿತು. ಶಿಕಾಗೋದ ಲಿಂಕನ್ ಪಾರ್ಕ್ ಈಗ ಶ್ರೀಮಂತರ ಬಡಾವಣೆ. ಯಾರ ಮನೆಗಳಿಗಾಗಿ ಹೋರಾಟ ಆರಂಭವಾಯಿತೋ ಅವರಲ್ಲಿ ಹೆಚ್ಚಿನವರು ಅಲ್ಲಿಂದ ಹೊರಟುಹೋದರು.

ಗೋಡೆಯ ಕಥೆ ಮಾತ್ರ ನಮಗೂ ಸಂಬಂಧಿಸಿದ್ದು. ಮನೆಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಣ್ಣ ಕಂಡ ಕಿಟಕಿ, ಬಾಗಿಲು, ತೊಟ್ಟಿಲುಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ನಿಮ್ಮ ಶಾಲೆಯ ಕಿಟಕಿಗೆ ಕೊನೆಯ ಬಾರಿ ಬಣ್ಣ ಬಳಿದದ್ದು ಯಾವ ವರ್ಷ ಎಂದು ಒಮ್ಮೆ ಕೇಳಿ ನೋಡಿ.