ಕೆಲಸಕ್ಕೆ ಮುಂಚೆ ಎರಡು ನಿಮಿಷ

(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಭೆಯಲ್ಲಿ ನಾವು ಯಾವಾಗಲೂ ಉಳಿತಾಯ, ಸಾಲ, ಕಂತು, ಬ್ಯಾಂಕಿನ ವಿಷಯ ಮಾತಾಡ್ತೇವೆ. ಇವತ್ತು ದಿನದ ಕೆಲಸಕ್ಕೆ ಕೈ ಹಾಕುವ ಮುಂಚೆ ನಮ್ಮ ಮನಸ್ಸನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಸ್ವಲ್ಪ ಯೋಚಿಸೋಣ.

"ಪ್ರಾರ್ಥನೆ ಮಾಡ್ಬೇಕು ಅಂತ ಆಸೆ ಇದೆ, ಪುರುಸೊತ್ತು ಎಲ್ಲಿದೆ?" ಅಂತ ನಮ್ಮಲ್ಲಿ ಅನೇಕರು ಕೇಳುತ್ತಾರೆ. ಇದು ನೆಪವಲ್ಲ, ನಿಜವಾದ ಮಾತು. ಬೆಳಿಗ್ಗೆ ಎದ್ದರೆ ನೀರು ಹಿಡೀಬೇಕು, ಹಾಲು ಕರೆದು ಡೇರಿಗೆ ಹಾಕಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಗಾರ್ಮೆಂಟ್ಸಿಗೆ ಹೋಗುವವರು ಬಸ್ಸು ಹಿಡೀಬೇಕು. ಹಾಗಾದರೆ ದೇವರು ಪುರುಸೊತ್ತು ಇದ್ದವರಿಗೆ ಮಾತ್ರವೇ?

ಮಾರ್ಕನ ಶುಭಸಂದೇಶದ ಮೊದಲನೇ ಅಧ್ಯಾಯ ಓದಿ ನೋಡೋಣ. ಕಫೆರ್ನವುಮ್ ಊರಿನಲ್ಲಿ ಯೇಸುಸ್ವಾಮಿಗೆ ಇಡೀ ದಿನ ಬಿಡುವಿಲ್ಲ. ಪ್ರಾರ್ಥನಾಮಂದಿರದಲ್ಲಿ ಬೋಧನೆ, ಆಮೇಲೆ ಸಿಮೋನನ ಅತ್ತೆಯ ಜ್ವರ ವಾಸಿಮಾಡಿದ್ದು, ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಮನೆಬಾಗಿಲಲ್ಲಿ. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ ಅಂದರು. ಆದರೆ ಸ್ವಾಮಿ ಹಿಂದಿರುಗಲಿಲ್ಲ, ಪಕ್ಕದ ಊರುಗಳಿಗೆ ಹೊರಟರು. ತಮ್ಮ ಕೆಲಸ ಯಾವುದು ಅಂತ ಅವರಿಗೆ ಸ್ಪಷ್ಟವಿತ್ತು. ಬೆಳಗಿನ ಪ್ರಾರ್ಥನೆಯಿಂದ ಕೆಲಸ ಕಡಿಮೆಯಾಗುವುದಿಲ್ಲ. ಯಾವುದು ಮುಖ್ಯ ಅಂತ ತಿಳಿಯುತ್ತದೆ.

ಹಾಗಾದರೆ ನಾವು ಏನು ಮಾಡಬಹುದು? ಎರಡೇ ನಿಮಿಷ ಸಾಕು.

ಮೊದಲನೆಯದಾಗಿ, ಶಿಲುಬೆಯ ಗುರುತು ಹಾಕಿ, ಆ ದಿನದ ಕೆಲಸಗಳನ್ನು ಒಂದೊಂದಾಗಿ ಹೆಸರು ಹೇಳಿ ದೇವರಿಗೆ ಒಪ್ಪಿಸೋಣ. "ಸ್ವಾಮಿ, ಇವತ್ತು ಆರು ರವಿಕೆ ಹೊಲಿಯೋದಿದೆ, ಬ್ಯಾಂಕಿಗೆ ಹೋಗೋದಿದೆ, ಜೊತೆಗೆ ಇರು." ಒಲೆ ಹಚ್ಚುತ್ತಾ ಹೇಳಿದರೂ ಅದು ಪ್ರಾರ್ಥನೆಯೇ. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಇದ್ದರು. 1691ರಲ್ಲಿ ತೀರಿಕೊಂಡರು. ಅವರು ಗುರುಗಳಲ್ಲ, ಅಡುಗೆಮನೆಯ ಕೆಲಸದವರು. ಅಡುಗೆ ಕೆಲಸ ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಪಾತ್ರೆಗಳ ಮಧ್ಯೆಯೇ ದೇವರೊಂದಿಗೆ ಮಾತಾಡುವುದನ್ನು ರೂಢಿಸಿಕೊಂಡರು. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅಂತ ಅವರಿಗೆ ಅನಿಸಲೇ ಇಲ್ಲ.

ಎರಡನೆಯದಾಗಿ, ಇವತ್ತಿಗೆ ಬೇಕಾದಷ್ಟನ್ನೇ ಕೇಳೋಣ. ಮರುಭೂಮಿಯಲ್ಲಿ ಇಸ್ರಯೇಲರು ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕಿತ್ತು. ಮರುದಿನಕ್ಕೆ ಇಟ್ಟದ್ದು ಹುಳು ಬಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ಉಳಿತಾಯ ಬೇಡ ಅಂತ ಇದರ ಅರ್ಥವಲ್ಲ! ಹಣ ಉಳಿಸೋಣ, ಚಿಂತೆಯನ್ನು ಕೂಡಿಡುವುದು ಬೇಡ. ಮುಂದಿನ ತಿಂಗಳ ಕಂತಿನ ಭಾರವನ್ನು ಇವತ್ತಿನ ಕೆಲಸದ ಮೇಲೆ ಹೇರಿದರೆ ಎರಡೂ ಕೆಡುತ್ತವೆ.

ಮೂರನೆಯದಾಗಿ, ಇವತ್ತು ಯಾರ ಮುಖ ನೋಡಲಿಕ್ಕೆ ಮನಸ್ಸಿಲ್ಲವೋ ಅವರ ಹೆಸರನ್ನು ದೇವರ ಮುಂದೆ ಹೇಳೋಣ. ಅತ್ತೆಯಿರಬಹುದು, ಸೂಪರ್‌ವೈಸರ್ ಇರಬಹುದು, ಎರಡು ಕಂತು ಬಾಕಿ ಇಟ್ಟಿರುವ ನಮ್ಮ ಸಂಘದ ಅಕ್ಕನೇ ಇರಬಹುದು. ಬೆಳಿಗ್ಗೆ ಯಾರಿಗಾಗಿ ಪ್ರಾರ್ಥಿಸಿದ್ದೇವೋ ಅವರನ್ನು ಸಂಜೆ ಎಲ್ಲರ ಮುಂದೆ ಹೀನಾಯವಾಗಿ ಬೈಯಲು ನಾಲಿಗೆ ಹಿಂಜರಿಯುತ್ತದೆ. ಬಾಕಿಯನ್ನು ಕೇಳಲೇಬೇಕು. ಆದರೆ ಮೊದಲು "ಏನಾಯ್ತಕ್ಕಾ, ಮನೆಯಲ್ಲಿ ಏನು ತೊಂದರೆ?" ಅಂತ ಕೇಳ್ತೇವೆ.

ಇನ್ನೊಂದು ಮಾತು. ಕೆಲಸವನ್ನು ದೇವರಿಗೆ ಒಪ್ಪಿಸುವುದೆಂದರೆ ಅನ್ಯಾಯವನ್ನು ಬಾಯಿಮುಚ್ಚಿ ಸಹಿಸುವುದಲ್ಲ. ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ. ನಮ್ಮ ಕೂಲಿ ಕಡಿಮೆ ಕೊಟ್ಟರೆ ಒಟ್ಟಾಗಿ ಕೇಳೋಣ. ಹಾಗೆಯೇ ನಮ್ಮ ತಕ್ಕಡಿಯೂ, ಸಂಘದ ಲೆಕ್ಕದ ಪುಸ್ತಕವೂ ಸರಿಯಾಗಿರಲಿ. ದೇವರಿಗೆ ಒಪ್ಪಿಸಿದ ಕೆಲಸದಲ್ಲಿ ತೂಕ ಕಡಿಮೆ ಹಾಕಲಿಕ್ಕಾಗುತ್ತದೆಯೇ?

ನಮ್ಮ ಸಂಘಗಳಲ್ಲಿ ಬೇರೆ ಬೇರೆ ಧರ್ಮದ ಸಹೋದರಿಯರೂ ಇದ್ದೀರಿ. ನಾವು ಕ್ರೈಸ್ತರ ರೀತಿಯಲ್ಲಿ ಹೇಳಿದೆವು. ನಿಮ್ಮ ಮನೆಯಲ್ಲೂ ಬೆಳಗಿನ ದೀಪ, ನಮಾಜು, ಪ್ರಾರ್ಥನೆ ಇದ್ದೇ ಇದೆ. ಅದರೊಂದಿಗೆ ದಿನದ ಕೆಲಸವನ್ನೂ ಜೋಡಿಸಿಕೊಳ್ಳಿ.

ನಾಳೆ ಬೆಳಿಗ್ಗೆಯೇ ಶುರು ಮಾಡೋಣ. ಒಂದು ದಿನ ಮರೆತರೆ ಬಿಡಬೇಡಿ, ಮರುದಿನ ಮತ್ತೆ ಮಾಡಿ. ಮುಂದಿನ ವಾರದ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮುಂಚೆ ಒಂದು ನಿಮಿಷ ಎಲ್ಲರೂ ಮೌನವಾಗಿ ಕುಳಿತು, ಆ ವಾರ ಕಷ್ಟದಲ್ಲಿರುವ ಸದಸ್ಯೆಯನ್ನು ನೆನೆಯೋಣ. ನಮ್ಮ ಕೈಗಳ ದುಡಿಮೆಯನ್ನು ದೇವರು ಆಶೀರ್ವದಿಸಲಿ.